ಆಟಗಾರನ ಮಾರಾಟ, ಅಭಿಮಾನಿಯ ಮುನಿಸು
ಎಡ್ಮಂಟನ್ ಹಾಕಿ ತಂಡದ ಮಾಲೀಕರ ಲೆಕ್ಕಾಚಾರದಿಂದ ವರ್ತಕರು ಅರಿಯಬೇಕಾದುದು

ಉದ್ದಿಮೆಯೊಂದರ ಯಂತ್ರ, ಕಟ್ಟಡ, ದಾಸ್ತಾನುಗಳಿಗೆ ಬೆಲೆ ಕಟ್ಟುವುದು ಕಷ್ಟದ ಕೆಲಸವಲ್ಲ. ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರು ಸವಕಳಿಯನ್ನು ಕಳೆದು ಒಂದು ಮೊತ್ತವನ್ನು ಬರೆದುಕೊಡುತ್ತಾರೆ. ಆದರೆ ಇಪ್ಪತ್ತು ವರ್ಷ ದುಡಿದು ಕಾರ್ಖಾನೆಯ ಗುಟ್ಟುಗಳನ್ನೆಲ್ಲ ಬಲ್ಲ ಫೋರ್‌ಮನ್ನನಿಗೆ, ಗಿರಾಕಿಗಳು ಹೆಸರು ಹಿಡಿದು ಕೇಳುವ ಮಾರಾಟಗಾರನಿಗೆ ಬೆಲೆ ಕಟ್ಟುವ ಕೋಷ್ಟಕ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಅಂತಹವರು ತಾವಾಗಿ ಬಿಟ್ಟುಹೋದಾಗ, ಅಥವಾ ಮಾಲೀಕರೇ ಅವರನ್ನು ಬಿಟ್ಟುಕೊಡಬೇಕಾಗಿ ಬಂದಾಗ, ನಷ್ಟವಾದುದೆಷ್ಟು ಎಂಬುದು ಬಹಳ ತಡವಾಗಿ ತಿಳಿದುಬರುತ್ತದೆ.

ಈ ಪ್ರಶ್ನೆ ಕ್ರೀಡಾ ತಂಡಗಳ ವ್ಯವಹಾರದಲ್ಲಿ ಎದ್ದು ಕಾಣುತ್ತದೆ. ಅಲ್ಲಿ ನುರಿತ ಕೆಲಸಗಾರನ ಹೆಸರು ಊರಿಗೆಲ್ಲ ಗೊತ್ತು. ಅವನ ಸಂಬಳ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅವನನ್ನು ಮಾರಿದರೆ ಗಿರಾಕಿಗಳು ಬೀದಿಗಿಳಿಯುತ್ತಾರೆ. 2008ರಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾದ ಮೇಲೆ ಆಟಗಾರರ ಹರಾಜು ನಮ್ಮವರಿಗೂ ಪರಿಚಿತವಾಗಿದೆ. 2011ರಲ್ಲಿ ರಾಹುಲ್ ದ್ರಾವಿಡ್ ಅವರು ಬೆಂಗಳೂರು ತಂಡವನ್ನು ಬಿಟ್ಟು ರಾಜಸ್ಥಾನದ ಪಾಲಾದುದನ್ನು ಓದುಗರು ಮರೆತಿರಲಾರರು. ಆದರೆ ಇಂತಹ ಅದಲು ಬದಲುಗಳ ಇತಿಹಾಸದಲ್ಲಿ ಇಂದಿಗೂ ಮೊದಲು ನೆನಪಾಗುವುದು ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ 1988ರ ಆಗಸ್ಟ್ 9ರಂದು ನಡೆದ ಒಂದು ವ್ಯವಹಾರ. ಮಾರಿದವರು ಎಡ್ಮಂಟನ್ ಆಯ್ಲರ್ಸ್ ಹಾಕಿ ತಂಡದ ಮಾಲೀಕ ಪೀಟರ್ ಪಾಕ್ಲಿಂಗ್ಟನ್. ಮಾರಾಟವಾದವರು ವೇಯ್ನ್ ಗ್ರೆಟ್ಸ್ಕಿ.

ಇಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನಗಳಲ್ಲಿ ಕಾಣುವ ಹಾಕಿಯಲ್ಲ. ಮಂಜುಗಡ್ಡೆಯ ಅಂಕಣದಲ್ಲಿ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿ. ಕೆನಡಾ ದೇಶಕ್ಕೆ ಅದು ನಮ್ಮ ಕ್ರಿಕೆಟ್ ಇದ್ದಂತೆ. ಅದರ ಅತ್ಯುನ್ನತ ವೃತ್ತಿಪರ ಸಂಸ್ಥೆ ಎನ್‌ಎಚ್‌ಎಲ್ ಎಂಬ ಲೀಗ್. ಅದರ ಅತ್ಯುನ್ನತ ಬಹುಮಾನ ಸ್ಟ್ಯಾನ್ಲಿ ಕಪ್.

ಮಾಲೀಕರ ಹಿನ್ನೆಲೆ

ಪಾಕ್ಲಿಂಗ್ಟನ್ ಅವರು ಮೋಟಾರು ಕಾರುಗಳ ಮಾರಾಟದಿಂದ ಮೇಲೆ ಬಂದ ವರ್ತಕರು. ಕೊಡು-ಕೊಳ್ಳುವ ವ್ಯವಹಾರ ಅವರಿಗೆ ರಕ್ತಗತವಾಗಿತ್ತು. 1976ರಲ್ಲಿ ಆಯ್ಲರ್ಸ್ ತಂಡದ ಪಾಲನ್ನು ನೆಲ್ಸನ್ ಸ್ಕಲ್ಬೇನಿಯಾ ಎಂಬ ಉದ್ಯಮಿಯಿಂದ ಪಡೆದಾಗ ಅವರು ಹಳೆಯ ರೋಲ್ಸ್ ರಾಯ್ಸ್ ಕಾರು, ಚಿತ್ರಕಲಾಕೃತಿಗಳು ಹಾಗೂ ಪತ್ನಿಯ ವಜ್ರದ ಉಂಗುರವನ್ನು ಬೆಲೆಯ ಭಾಗವಾಗಿ ಕೊಟ್ಟರೆಂಬ ಸಂಗತಿ ಕೆನಡಾದ ವ್ಯಾಪಾರಿ ವಲಯದಲ್ಲಿ ಪ್ರಸಿದ್ಧವಾಗಿದೆ. ಆಗ ಆ ತಂಡ ಎನ್‌ಎಚ್‌ಎಲ್‌ನಲ್ಲಿರಲಿಲ್ಲ. ಡಬ್ಲ್ಯುಎಚ್‌ಎ ಎಂಬ ಪ್ರತಿಸ್ಪರ್ಧಿ ಲೀಗಿನಲ್ಲಿ ಆಡುತ್ತಿತ್ತು.

1978ರ ನವೆಂಬರಿನಲ್ಲಿ ಸ್ಕಲ್ಬೇನಿಯಾ ಅವರ ಇಂಡಿಯಾನಾಪೊಲಿಸ್ ತಂಡ ಹಣದ ಮುಗ್ಗಟ್ಟಿನಲ್ಲಿದ್ದಾಗ, ಅಲ್ಲಿದ್ದ 17 ವರ್ಷದ ಗ್ರೆಟ್ಸ್ಕಿಯನ್ನು ಇನ್ನಿಬ್ಬರು ಆಟಗಾರರೊಡನೆ ಪಾಕ್ಲಿಂಗ್ಟನ್ ಖರೀದಿಸಿದರು. ಮರು ತಿಂಗಳೇ ಇಂಡಿಯಾನಾಪೊಲಿಸ್ ತಂಡ ಮುಚ್ಚಿಹೋಯಿತು. 1979ರ ಜನವರಿ 26ರಂದು, ಗ್ರೆಟ್ಸ್ಕಿ ಅವರ 18ನೆಯ ಹುಟ್ಟುಹಬ್ಬದ ದಿನ, ತುಂಬಿದ ಕ್ರೀಡಾಂಗಣದ ನಡುವೆ ಮೇಜಿಟ್ಟು 21 ವರ್ಷಗಳ ಒಪ್ಪಂದಕ್ಕೆ ಸಹಿ ಮಾಡಿಸಲಾಯಿತು. ಆ ಒಪ್ಪಂದ ತಂಡದೊಂದಿಗೆ ಆದುದಲ್ಲ. ಪಾಕ್ಲಿಂಗ್ಟನ್ ಅವರೊಡನೆ ವೈಯಕ್ತಿಕವಾಗಿ ಆದುದು. ಅದೇ ವರ್ಷ ಡಬ್ಲ್ಯುಎಚ್‌ಎ ಕೊನೆಗೊಂಡು ನಾಲ್ಕು ತಂಡಗಳು ಎನ್‌ಎಚ್‌ಎಲ್ ಸೇರಿದಾಗ ಹೊಸ ತಂಡಗಳು ತಮ್ಮ ಬಹುತೇಕ ಆಟಗಾರರನ್ನು ಕಳೆದುಕೊಳ್ಳಬೇಕಾಯಿತು. ಆದರೆ ಗ್ರೆಟ್ಸ್ಕಿ ಎಡ್ಮಂಟನ್ನಿನಲ್ಲಿಯೇ ಉಳಿದರು. ಕರಾರು ಪತ್ರವನ್ನು ಜಾಣತನದಿಂದ ಬರೆದರೆ ಎಂತಹ ಲಾಭವಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಮುಂದಿನ ಹತ್ತು ವರ್ಷಗಳಲ್ಲಿ ಆದುದು ಆ ಊರು ಕನಸಿನಲ್ಲಿಯೂ ಎಣಿಸದ ಸಂಗತಿ. ಗ್ರೆಟ್ಸ್ಕಿ 1981-82ರ ಋತುವಿನಲ್ಲಿ 92 ಗೋಲುಗಳನ್ನೂ, 1985-86ರಲ್ಲಿ ಗೋಲು ಮತ್ತು ನೆರವು ಸೇರಿ 215 ಅಂಕಗಳನ್ನೂ ಗಳಿಸಿದರು. ಈ ಎರಡೂ ದಾಖಲೆಗಳು ಮುರಿಯಲಾರದವು ಎಂದೇ ಎಣಿಸಲ್ಪಟ್ಟಿವೆ. 1980ರಿಂದ 1987ರವರೆಗೆ ಸತತ ಎಂಟು ಬಾರಿ ಲೀಗಿನ ಅತ್ಯಂತ ಮೌಲಿಕ ಆಟಗಾರರೆಂಬ ಪ್ರಶಸ್ತಿ ಅವರದಾಯಿತು. ತಂಡ 1984, 1985, 1987 ಮತ್ತು 1988ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಸುಮಾರು ಆರು ಲಕ್ಷ ಜನರಿದ್ದ, ತೈಲದ ಬೆಲೆ ಕುಸಿದು 1986ರಿಂದ ಕಂಗೆಟ್ಟಿದ್ದ ಆ ನಗರಕ್ಕೆ ಹಾಕಿ ತಂಡವೇ ಹೆಮ್ಮೆಯ ಆಧಾರವಾಗಿತ್ತು.

ಮಾಲೀಕರ ದೃಷ್ಟಿಯಲ್ಲಿ ಲೆಕ್ಕ

ಇಂತಹ ಆಟಗಾರನನ್ನು ಮಾರುವುದೇಕೆ? ಪಾಕ್ಲಿಂಗ್ಟನ್ ಅವರು ಅಂದಿನಿಂದ ಮುಂದಿಡುತ್ತ ಬಂದಿರುವ ಕಾರಣಗಳನ್ನು ವರ್ತಕರಾದವರು ತಾಳ್ಮೆಯಿಂದ ಪರಿಶೀಲಿಸುವುದು ಅಗತ್ಯ. ಅವು ಹುಚ್ಚು ಕಾರಣಗಳಲ್ಲ.

ಮೊದಲನೆಯದು, ಕರಾರಿನ ಅವಧಿ. ಹಳೆಯ 21 ವರ್ಷಗಳ ಒಪ್ಪಂದದ ಬದಲಿಗೆ 1987ರಲ್ಲಿ ಹೊಸ ಒಪ್ಪಂದವಾಗಿತ್ತು. ಅದರಂತೆ ಐದು ವರ್ಷಗಳ ತರುವಾಯ ಗ್ರೆಟ್ಸ್ಕಿ ಯಾವ ತಂಡಕ್ಕೆ ಬೇಕಾದರೂ ಹೋಗಲು ಸ್ವತಂತ್ರರು. ಆಗ ಎಡ್ಮಂಟನ್ನಿಗೆ ದಕ್ಕುವುದು ಏನೂ ಇರುತ್ತಿರಲಿಲ್ಲ. ಗಡುವು ಹತ್ತಿರವಾದಷ್ಟೂ ಸರಕಿನ ಬೆಲೆ ಇಳಿಯುತ್ತದೆಂಬುದು ಸಂತೆಯಲ್ಲಿ ತರಕಾರಿ ಮಾರುವವರಿಗೂ ಗೊತ್ತಿರುವ ಸತ್ಯ. 27 ವರ್ಷದ, ಕಪ್ ಗೆದ್ದ ಆಟಗಾರನಿಗೆ 1988ರಲ್ಲಿ ಸಿಗುವ ಬೆಲೆ 1991ರಲ್ಲಿ ಸಿಗಲಾರದು ಎಂಬುದು ಮಾಲೀಕರ ತರ್ಕ.

ಎರಡನೆಯದು, ಮಾರುಕಟ್ಟೆಯ ಗಾತ್ರ. ಅಂದಿನ ಹಾಕಿ ತಂಡಗಳಿಗೆ ಮುಖ್ಯ ವರಮಾನ ದ್ವಾರದಲ್ಲಿ ಮಾರಾಟವಾಗುವ ಟಿಕೆಟ್ಟಿನಿಂದಲೇ ಬರಬೇಕಿತ್ತು. ಎಡ್ಮಂಟನ್ನಿನ ಕ್ರೀಡಾಂಗಣ ಹಿಡಿಸುತ್ತಿದ್ದುದು ಸುಮಾರು 17 ಸಾವಿರ ಜನರನ್ನು. ಅದು ಆಗಲೇ ತುಂಬಿತ್ತು. ತುಂಬಿದ ಅಂಗಡಿಯಲ್ಲಿ ಇನ್ನೂ ಹೆಚ್ಚು ಮಾರಲು ಜಾಗವಿಲ್ಲ. ಆದರೆ ಸಂಬಳದ ಬೇಡಿಕೆ ಮಾತ್ರ ಏರುತ್ತಲೇ ಇರುತ್ತದೆ. ಅದರ ಸೂಚನೆಯೂ ಸಿಕ್ಕಿತ್ತು. ರಕ್ಷಣಾ ವಿಭಾಗದ ಶ್ರೇಷ್ಠ ಆಟಗಾರ ಪಾಲ್ ಕಾಫಿ ಅವರು ಸಂಬಳದ ವಿವಾದದಿಂದ ತಂಡಕ್ಕೆ ಮರಳದೆ ಕುಳಿತ ಕಾರಣ 1987ರ ನವೆಂಬರಿನಲ್ಲಿ ಅವರನ್ನು ಪಿಟ್ಸ್‌ಬರ್ಗ್ ತಂಡಕ್ಕೆ ಕಳುಹಿಸಬೇಕಾಗಿತ್ತು.

ಮೂರನೆಯದು, ಕೊಳ್ಳುವವರು ಬಾಗಿಲಿಗೆ ಬಂದಿದ್ದರು. ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಮಾಲೀಕ, ಪುರಾತನ ನಾಣ್ಯಗಳ ವ್ಯಾಪಾರದಿಂದ ಹೆಸರಾಗಿದ್ದ ಬ್ರೂಸ್ ಮೆಕ್‌ನಾಲ್ ಅವರು ಬಹಳ ಕಾಲದಿಂದ ಗ್ರೆಟ್ಸ್ಕಿಯನ್ನು ಕೇಳುತ್ತಿದ್ದರು. ತಮ್ಮ ಊರಿನಲ್ಲಿ ಖಾಲಿ ಬೀಳುತ್ತಿದ್ದ ಕುರ್ಚಿಗಳನ್ನು ತುಂಬಲು ಒಂದು ದೊಡ್ಡ ಹೆಸರು ಅವರಿಗೆ ಬೇಕಿತ್ತು. ಒಬ್ಬನೇ ಆಟಗಾರ ಎಡ್ಮಂಟನ್ನಿಗಿಂತ ಲಾಸ್ ಏಂಜಲಿಸ್‌ಗೆ ಹೆಚ್ಚು ಬೆಲೆ ಬಾಳುತ್ತಿದ್ದ. ಸರಕು ಕಡಿಮೆ ಬೆಲೆಯ ಪೇಟೆಯಿಂದ ಹೆಚ್ಚು ಬೆಲೆಯ ಪೇಟೆಗೆ ಹರಿಯುತ್ತದೆಂಬ ಹಳೆಯ ನಿಯಮವೇ ಇಲ್ಲಿಯೂ ಕೆಲಸ ಮಾಡಿತು.

ಒಪ್ಪಂದವಾದುದು ಹೀಗೆ: ಗ್ರೆಟ್ಸ್ಕಿ, ಮಾರ್ಟಿ ಮೆಕ್‌ಸೋರ್ಲಿ ಮತ್ತು ಮೈಕ್ ಕ್ರುಶೆಲ್ನಿಸ್ಕಿ ಲಾಸ್ ಏಂಜಲಿಸ್‌ಗೆ. ಪ್ರತಿಯಾಗಿ ಎಡ್ಮಂಟನ್ನಿಗೆ, ಹಿಂದಿನ ಋತುವಿನಲ್ಲಿ 55 ಗೋಲು ಹೊಡೆದಿದ್ದ 20 ವರ್ಷದ ಜಿಮ್ಮಿ ಕಾರ್ಸನ್, 18ರ ತರುಣ ಮಾರ್ಟಿನ್ ಜೆಲಿನಾ, 1989, 1991 ಮತ್ತು 1993ರಲ್ಲಿ ಹೊಸ ಆಟಗಾರರನ್ನು ಮೊದಲ ಸುತ್ತಿನಲ್ಲಿ ಆರಿಸಿಕೊಳ್ಳುವ ಹಕ್ಕು, ಜೊತೆಗೆ 1.5 ಕೋಟಿ ಅಮೆರಿಕನ್ ಡಾಲರ್ ನಗದು. ಕಾಗದದ ಮೇಲೆ ನೋಡಿದರೆ ಇದು ಕಳಪೆ ವ್ಯಾಪಾರವೆಂದು ಯಾವ ಲೆಕ್ಕಿಗರೂ ಹೇಳಲಾರರು.

ಊರಿನ ಪ್ರತಿಕ್ರಿಯೆ

ಆದರೆ ಆ ಊರು ಕಾಗದವನ್ನು ನೋಡಲಿಲ್ಲ. ಮೇ ತಿಂಗಳಿನಲ್ಲಿ ಕಪ್ ಬಂದಿತ್ತು. ಜುಲೈ 16ರಂದು ಗ್ರೆಟ್ಸ್ಕಿ ಅವರು ಅಮೆರಿಕದ ನಟಿ ಜಾನೆಟ್ ಜೋನ್ಸ್ ಅವರನ್ನು ಎಡ್ಮಂಟನ್ನಿನಲ್ಲಿಯೇ ವಿವಾಹವಾದಾಗ ನಗರವೆಲ್ಲ ತಮ್ಮ ಮನೆಯ ಮದುವೆಯಂತೆ ಸಂಭ್ರಮಿಸಿತ್ತು. ಅದಾದ 24ನೆಯ ದಿನ ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಸ್ಕಿ ಕಣ್ಣೀರು ಒರೆಸಿಕೊಳ್ಳುತ್ತ, ಮಾತು ಮುಂದುವರಿಸಲಾಗದೆ ಎದ್ದುಹೋದುದನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು.

ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಪಾಕ್ಲಿಂಗ್ಟನ್ ಅವರ ಪ್ರತಿಕೃತಿಯನ್ನು ಸುಟ್ಟರು. ಕೆನಡಾದ ಸಂಸತ್ತಿನ ಪ್ರತಿಪಕ್ಷದ ಸದಸ್ಯರಾದ ನೆಲ್ಸನ್ ರೀಸ್ ಅವರು ಸರ್ಕಾರ ನಡುವೆ ಪ್ರವೇಶಿಸಿ ಈ ಮಾರಾಟವನ್ನು ತಡೆಯಬೇಕೆಂದು ಒತ್ತಾಯಿಸಿದರು. ಖಾಸಗಿ ತಂಡವೊಂದರ ಸಿಬ್ಬಂದಿ ಬದಲಾವಣೆ ರಾಷ್ಟ್ರೀಯ ಪ್ರಶ್ನೆಯಾಯಿತು. ಮಾಲೀಕರ ಇತರ ಸಂಸ್ಥೆಗಳ ಸರಕನ್ನು ಕೊಳ್ಳಬಾರದೆಂಬ ಕರೆಗಳೂ ಕೇಳಿಬಂದವು. ಅವರ ಗೇನರ್ಸ್ ಮಾಂಸ ಸಂಸ್ಕರಣಾ ಕಾರ್ಖಾನೆಯಲ್ಲಿ 1986ರಲ್ಲಿ ಆರು ತಿಂಗಳಿಗೂ ಮಿಕ್ಕಿದ ಕಹಿಯಾದ ಮುಷ್ಕರ ನಡೆದು ಊರಿನಲ್ಲಿ ಅಸಮಾಧಾನ ಮೊದಲೇ ಇತ್ತು. ಹಳೆಯ ಗಾಯದ ಮೇಲೆ ಹೊಸ ಪೆಟ್ಟು ಬಿದ್ದಂತಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವ್ಯವಹಾರವು ಗ್ರೆಟ್ಸ್ಕಿ ಅವರ ಇಚ್ಛೆಯಂತೆಯೇ ನಡೆಯಿತೆಂದು ಮೊದಲಿಗೆ ಸಾರಲಾಯಿತು. ಅದನ್ನು ಪೂರ್ತಿ ನಂಬದ, ಮಾಲೀಕರಿಂದ ಬೇರೆ ವಿವರಣೆಯನ್ನೂ ಪಡೆಯದ ಜನರಲ್ಲಿ ಕೆಲವರು ದೋಷವನ್ನು ನವವಧುವಿನ ಮೇಲೆ ಹೊರಿಸಿದರು. ಆಕೆ ಗಂಡನನ್ನು ಹಾಲಿವುಡ್ಡಿಗೆ ಎಳೆದೊಯ್ದಳೆಂಬ ಮಾತು ಹಬ್ಬಿತು. ತಂಡವು ತಮ್ಮನ್ನು ಮಾರಲು ಯತ್ನಿಸುತ್ತಿದೆಯೆಂಬ ಸುದ್ದಿ ತಮಗೆ ತಿಳಿದುದು ಕಪ್ ಗೆದ್ದ ರಾತ್ರಿಯೇ, ಅದೂ ತಮ್ಮ ತಂದೆಯ ಬಾಯಿಂದ ಎಂದು ಗ್ರೆಟ್ಸ್ಕಿ ಅವರು ಮುಂದೆ ಹೇಳಿಕೊಂಡರು. ಹತ್ತು ವರ್ಷ ದುಡಿದವರಿಗೆ ಇಂತಹ ಸುದ್ದಿ ಹೊರಗಿನಿಂದ ತಲುಪುವುದು ಯಾವ ಸಂಸ್ಥೆಗೂ ಶೋಭೆ ತರುವುದಿಲ್ಲ.

ಮೊದಲ ಎರಡು ವರ್ಷಗಳ ಫಲಿತಾಂಶ

ಮರುವರ್ಷ, 1989ರ ವಸಂತದಲ್ಲಿ, ಕಪ್ಪಿನ ಮೊದಲ ಸುತ್ತಿನಲ್ಲಿಯೇ ಎಡ್ಮಂಟನ್ ಮತ್ತು ಲಾಸ್ ಏಂಜಲಿಸ್ ಎದುರಾದವು. ಮೂರಕ್ಕೆ ಒಂದರಂತೆ ಮುಂದಿದ್ದ ಹಾಲಿ ವಿಜೇತ ಎಡ್ಮಂಟನ್ ಕೊನೆಯ ಮೂರೂ ಪಂದ್ಯಗಳನ್ನು ಸೋತು ಹೊರಬಿತ್ತು. ಆ ಆಗಸ್ಟಿನಲ್ಲಿ ಎಡ್ಮಂಟನ್ನಿನ ಕ್ರೀಡಾಂಗಣದ ಮುಂದೆ ಗ್ರೆಟ್ಸ್ಕಿ ಅವರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅಕ್ಟೋಬರ್ 15ರಂದು ಅದೇ ಅಂಕಣದಲ್ಲಿ ಎದುರಾಳಿಯ ಅಂಗಿ ತೊಟ್ಟ ಗ್ರೆಟ್ಸ್ಕಿ, ಗಾರ್ಡಿ ಹೋ ಅವರ 1,850 ಅಂಕಗಳ ಸಾರ್ವಕಾಲಿಕ ದಾಖಲೆಯನ್ನು ಮುರಿದಾಗ ಎಡ್ಮಂಟನ್ನಿನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಪ್ರತಿಸ್ಪರ್ಧಿಯ ಅಂಗಡಿ ಸೇರಿದ ಕೆಲಸಗಾರನನ್ನು ಗಿರಾಕಿಗಳು ಹೀಗೆ ಹರಸಿದರೆ ಹಳೆಯ ಮಾಲೀಕರಿಗೆ ಅದಕ್ಕಿಂತ ಸ್ಪಷ್ಟವಾದ ಸಂದೇಶ ಬೇರೊಂದಿಲ್ಲ.

ಹೀಗಿದ್ದರೂ 1990ರಲ್ಲಿ ಮಾಲೀಕರ ಮಾತು ಗೆದ್ದಿತೆಂದೇ ತೋರಿತು. ಮಾರ್ಕ್ ಮೆಸಿಯೆ ಅವರ ನಾಯಕತ್ವದಲ್ಲಿ ಆಯ್ಲರ್ಸ್ ತಂಡ ಲಾಸ್ ಏಂಜಲಿಸ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿ, ಅಂತಿಮ ಸುತ್ತಿನಲ್ಲಿ ಬಾಸ್ಟನ್ನನ್ನೂ ಮಣಿಸಿ ಐದನೆಯ ಕಪ್ ತಂದಿತು. ಗ್ರೆಟ್ಸ್ಕಿ ಇಲ್ಲದೆಯೂ ಗೆಲ್ಲಬಹುದೆಂಬುದು ಸಿದ್ಧವಾಯಿತು.

ಈ ಗೆಲುವಿನ ಒಳಲೆಕ್ಕ ಬಿಡಿಸಿ ನೋಡತಕ್ಕದ್ದು. ಕಾರ್ಸನ್ ಎಡ್ಮಂಟನ್ನಿನಲ್ಲಿ ಮೊದಲ ವರ್ಷ 49 ಗೋಲು ಹೊಡೆದರೂ, ಗ್ರೆಟ್ಸ್ಕಿ ಅವರ ಜಾಗದಲ್ಲಿ ನಿಂತವರೆಂಬ ಭಾರವನ್ನು ಹೊರಲಾರದೆ ಬಿಡುಗಡೆ ಕೇಳಿದರು. 1989ರ ನವೆಂಬರಿನಲ್ಲಿ ಅವರನ್ನು ಡೆಟ್ರಾಯಿಟ್ ತಂಡಕ್ಕೆ ಕೊಟ್ಟು ಆಡಮ್ ಗ್ರೇವ್ಸ್, ಜೋ ಮರ್ಫಿ, ಪೆಟರ್ ಕ್ಲೀಮಾ ಮುಂತಾದವರನ್ನು ತರಲಾಯಿತು. ಗ್ರೇವ್ಸ್, ಮರ್ಫಿ ಮತ್ತು ಜೆಲಿನಾ ಎಂಬ ಮೂವರು ತರುಣರ ಸಾಲು 1990ರ ಗೆಲುವಿನಲ್ಲಿ ಮಹತ್ವದ ಪಾತ್ರ ವಹಿಸಿತು. ಮೂರು ಆಯ್ಕೆಯ ಹಕ್ಕುಗಳಿಂದ ಮಾತ್ರ ಹೇಳಿಕೊಳ್ಳುವಂತಹ ಫಲ ಬರಲಿಲ್ಲ. 1989ರ ಹಕ್ಕು ಬೇರೆ ತಂಡಕ್ಕೆ ಕೈಬದಲಾಯಿತು; ಉಳಿದೆರಡರಿಂದ ಬಂದ ಇಬ್ಬರು ಎಡ್ಮಂಟನ್ನಿಗಾಗಿ ಆಡಿದ್ದು ತಲಾ ಎರಡೇ ಪಂದ್ಯ. ಹಾಗಾಗಿ 1990ರ ಕಪ್ ನಗದಿನಿಂದ ಬಂದುದಲ್ಲ. ಮೊದಲೇ ಮನೆಯಲ್ಲಿ ಬೆಳೆದಿದ್ದ ಮೆಸಿಯೆ, ಯಾರಿ ಕುರ್ರಿ, ಗ್ಲೆನ್ ಆಂಡರ್ಸನ್ ಮೊದಲಾದವರಿಂದ, ಮತ್ತು ಬಂದ ಆಟಗಾರನನ್ನು ಸಕಾಲದಲ್ಲಿ ಮರುವಿನಿಮಯ ಮಾಡಿದ ವ್ಯವಸ್ಥಾಪಕ ಗ್ಲೆನ್ ಸ್ಯಾದರ್ ಅವರ ಜಾಣ್ಮೆಯಿಂದ ಬಂದುದು.

ನಿಜವಾದ ನಷ್ಟ ಎಲ್ಲಿ?

ಅಭಿಮಾನಿಗಳ ಮುನಿಸು 1990ರ ಗೆಲುವಿನೊಂದಿಗೆ ತಣಿಯಬಹುದಾಗಿತ್ತು. ತಣಿಯಲಿಲ್ಲ, ಏಕೆಂದರೆ ಮಾರಾಟ ಅಲ್ಲಿಗೆ ನಿಲ್ಲಲಿಲ್ಲ. 1990ರಲ್ಲಿ ಕುರ್ರಿ ಇಟಲಿಗೆ ಹೊರಟುಹೋದರು. 1991ರ ಸೆಪ್ಟೆಂಬರಿನಲ್ಲಿ ಆಂಡರ್ಸನ್ ಮತ್ತು ಗೋಲು ರಕ್ಷಕ ಗ್ರಾಂಟ್ ಫ್ಯೂರ್ ಟೊರಾಂಟೊ ಪಾಲಾದರು. ಅಕ್ಟೋಬರಿನಲ್ಲಿ ಮೆಸಿಯೆ ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಹೋದರು. ಗ್ರೇವ್ಸ್ ಕೂಡ ಅದೇ ವರ್ಷ ಅಲ್ಲಿಗೆ ಸೇರಿದ್ದರು. 1994ರಲ್ಲಿ ನ್ಯೂಯಾರ್ಕ್ ಕಪ್ ಗೆದ್ದಾಗ ಆ ತಂಡದಲ್ಲಿ ಎಡ್ಮಂಟನ್ನಿನ ಹಳಬರ ಸಾಲೇ ಇತ್ತು. ಇತ್ತ ಆಯ್ಲರ್ಸ್ ತಂಡ 1993ರಿಂದ 1996ರವರೆಗೆ ಸತತ ನಾಲ್ಕು ವರ್ಷ ಕಪ್ಪಿನ ಸುತ್ತನ್ನೇ ತಲುಪಲಿಲ್ಲ.

ಹೊರಗಿನ ಕಾರಣಗಳೂ ಇದ್ದವೆಂಬುದನ್ನು ನ್ಯಾಯವಾಗಿ ಹೇಳಬೇಕು. ಕೆನಡಾದ ತಂಡಗಳು ಟಿಕೆಟ್ಟನ್ನು ಕೆನಡಾ ಡಾಲರಿನಲ್ಲಿ ಮಾರಿ ಸಂಬಳವನ್ನು ಅಮೆರಿಕನ್ ಡಾಲರಿನಲ್ಲಿ ಕೊಡಬೇಕಾಗಿತ್ತು. 1988ರಲ್ಲಿ ಸುಮಾರು 80 ಅಮೆರಿಕನ್ ಸೆಂಟ್‌ಗಳ ಮೇಲಿದ್ದ ಕೆನಡಾ ಡಾಲರು ಹತ್ತು ವರ್ಷಗಳಲ್ಲಿ 70ಕ್ಕಿಂತ ಕೆಳಗಿಳಿಯಿತು. ಅದೇ ಅವಧಿಯಲ್ಲಿ ಲೀಗಿನ ಸರಾಸರಿ ಸಂಬಳ ಎರಡು ಲಕ್ಷ ಡಾಲರಿನ ಆಸುಪಾಸಿನಿಂದ ಹತ್ತು ಲಕ್ಷವನ್ನು ದಾಟಿತು. ಕಚ್ಚಾ ಮಾಲನ್ನು ಡಾಲರಿಗೆ ಕೊಂಡು ಸಿದ್ಧ ವಸ್ತುವನ್ನು ರೂಪಾಯಿಗೆ ಮಾರುವ ನಮ್ಮ ತಯಾರಕರಿಗೆ ಈ ಇಕ್ಕಟ್ಟನ್ನು ವಿವರಿಸಬೇಕಾಗಿಲ್ಲ. ಕ್ವೆಬೆಕ್ ತಂಡ 1995ರಲ್ಲಿ ಅಮೆರಿಕದ ಕೊಲೊರಾಡೊಗೂ, ವಿನಿಪೆಗ್ ತಂಡ 1996ರಲ್ಲಿ ಫೀನಿಕ್ಸ್‌ಗೂ ವಲಸೆ ಹೋದವು.

ಆದರೆ ಅಭಿಮಾನಿಗಳ ದೂರು ವಿನಿಮಯ ದರದ ಬಗ್ಗೆ ಇರಲಿಲ್ಲ. ಮಾರಿದ ಹಣ ತಂಡಕ್ಕೆ ಮರಳಲಿಲ್ಲ, ಮಾಲೀಕರ ಬೇರೆ ವ್ಯವಹಾರಗಳ ಕೊರತೆಯನ್ನು ತುಂಬಲು ಹೋಯಿತು ಎಂಬುದು ಅವರ ಬಲವಾದ ನಂಬಿಕೆ. ಆ ನಂಬಿಕೆಗೆ ಇಂಬು ಕೊಡುವಂತೆ, ಸಾಲ ತೀರಿಸಲಾಗದ ಗೇನರ್ಸ್ ಕಾರ್ಖಾನೆಯನ್ನು ಆಲ್ಬರ್ಟಾ ಪ್ರಾಂತ ಸರ್ಕಾರ 1989ರಲ್ಲಿಯೇ ವಶಪಡಿಸಿಕೊಂಡಿತ್ತು. ತಂಡವನ್ನು ಬೇರೆ ಊರಿಗೆ ಒಯ್ಯುವ ಮಾತುಗಳೂ ಮಾಲೀಕರ ಕಡೆಯಿಂದ ಪದೇ ಪದೇ ಕೇಳಿಬಂದವು. ಇಷ್ಟಾದ ಮೇಲೆ ಯಾವ ಗಿರಾಕಿಯೂ ಅಂಗಡಿಯ ಹಲಗೆಯನ್ನು ನಂಬುವುದಿಲ್ಲ. ಕಾಯಂ ಟಿಕೆಟ್‌ದಾರರ ಸಂಖ್ಯೆ ಇಳಿಯಿತು.

ಊರಿನ ವರ್ತಕರು ಮುಂದೆ ಬಂದರು

ವಾಣಿಜ್ಯ ಸಂಘಗಳ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಧ್ಯಾಯ ಇಲ್ಲಿಂದ ಆರಂಭವಾಗುತ್ತದೆ. ದುರ್ಬಲ ಕರೆನ್ಸಿಯಿಂದ ಬಳಲುವ ಕೆನಡಾದ ತಂಡಗಳಿಗೆ ಲೀಗು ಸಹಾಯಧನ ಯೋಜನೆಯೊಂದನ್ನು ರೂಪಿಸಿತ್ತು. ಅದಕ್ಕೆ ಅರ್ಹರಾಗಲು 13,000 ಋತು ಟಿಕೆಟ್‌ಗಳು ಮಾರಾಟವಾಗಿರಬೇಕಿತ್ತು. 1996ರಲ್ಲಿ ಪೆಟ್ರೋಲ್ ಬಂಕುಗಳ ವ್ಯವಹಾರದಲ್ಲಿ ಬೆಳೆದ ಸ್ಥಳೀಯ ಉದ್ಯಮಿ ಕ್ಯಾಲ್ ನಿಕೋಲ್ಸ್ ಅವರು ಊರಿನ ವ್ಯಾಪಾರಿಗಳನ್ನು ಒಟ್ಟುಗೂಡಿಸಿ ಆ ಗುರಿಯನ್ನು ಮುಟ್ಟಿಸಿದರು.

ಮುಂದೆ ಪಾಕ್ಲಿಂಗ್ಟನ್ ಅವರಿಗೆ ಸಾಲ ಕೊಟ್ಟಿದ್ದ ಆಲ್ಬರ್ಟಾ ಟ್ರೆಷರಿ ಬ್ರಾಂಚಸ್ ಎಂಬ ಸಾರ್ವಜನಿಕ ಹಣಕಾಸು ಸಂಸ್ಥೆ ತಂಡವನ್ನು ಮಾರಾಟಕ್ಕಿಟ್ಟಿತು. ಅಮೆರಿಕದ ಹ್ಯೂಸ್ಟನ್ನಿನ ಉದ್ಯಮಿ ಲೆಸ್ ಅಲೆಕ್ಸಾಂಡರ್ ಅವರು ಕೊಳ್ಳಲು ಸಿದ್ಧರಾಗಿದ್ದರು. ಹಾಗಾಗಿದ್ದರೆ ತಂಡ ಎಡ್ಮಂಟನ್ನಿಗೆ ಉಳಿಯುವ ಭರವಸೆ ಇರಲಿಲ್ಲ. ಹಿಂದಿನ ಕರಾರೊಂದರಂತೆ 7 ಕೋಟಿ ಅಮೆರಿಕನ್ ಡಾಲರ್ ಹೊಂದಿಸಿದರೆ ಸ್ಥಳೀಯರಿಗೆ ಮೊದಲ ಹಕ್ಕು ಇತ್ತು. 1998ರಲ್ಲಿ, ಗಡುವು ಮುಗಿಯುವ ಹೊತ್ತಿಗೆ, ನಿಕೋಲ್ಸ್ ಅವರ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ಸ್ಥಳೀಯ ಹೂಡಿಕೆದಾರರು ಎಡ್ಮಂಟನ್ ಇನ್ವೆಸ್ಟರ್ಸ್ ಗ್ರೂಪ್ ಎಂಬ ಹೆಸರಿನಲ್ಲಿ ಒಂದುಗೂಡಿ ಆ ಮೊತ್ತವನ್ನು ತುಂಬಿದರು. ಒಬ್ಬ ಶ್ರೀಮಂತರ ಕೈಯಲ್ಲಿದ್ದ ತಂಡ ಊರಿನ ವರ್ತಕರ ಕೂಟದ ಕೈಗೆ ಬಂತು.

ಈ ಕೂಟವೂ ಹಣದ ಹೊಳೆ ಹರಿಸಲಿಲ್ಲ. ಅವರ ಕಾಲದಲ್ಲಿಯೂ ಬೆಲೆ ತೆರಲಾರದ ಆಟಗಾರರನ್ನು ಬಿಟ್ಟುಕೊಡಬೇಕಾಯಿತು. ಆದರೆ ಪ್ರತಿಕೃತಿಗಳು ಸುಡಲ್ಪಡಲಿಲ್ಲ. ಹಣವಿಲ್ಲದ ಕಾರಣ ಆಟಗಾರ ಹೋಗುತ್ತಿದ್ದಾನೆ, ಇದ್ದ ಹಣ ಬೇರೆಡೆಗೆ ಹೋಗುತ್ತಿಲ್ಲ ಎಂಬುದು ಜನರಿಗೆ ತಿಳಿದಿತ್ತು. 2004-05ರ ಋತು ಮಾಲೀಕರು ಮತ್ತು ಆಟಗಾರರ ನಡುವಣ ವಿವಾದದಿಂದ ಪೂರ್ತಿಯಾಗಿ ರದ್ದಾಗಿ, 2005ರಲ್ಲಿ ಪ್ರತಿ ತಂಡದ ಸಂಬಳಕ್ಕೆ 3.9 ಕೋಟಿ ಡಾಲರಿನ ಮಿತಿ ಬಂದಾಗ ಸಣ್ಣ ಊರಿನ ತಂಡಗಳಿಗೆ ಉಸಿರು ಬಂತು. 2006ರಲ್ಲಿ ಎಡ್ಮಂಟನ್ ಅಂತಿಮ ಸುತ್ತಿನ ಏಳನೆಯ ಪಂದ್ಯದವರೆಗೂ ಹೋರಾಡಿ ಸೋತಿತು. 2008ರಲ್ಲಿ ಔಷಧಿ ಅಂಗಡಿಗಳ ಸರಣಿಯ ಒಡೆಯ, ಅದೇ ಊರಿನ ಡ್ಯಾರಿಲ್ ಕಾಟ್ಜ್ ಅವರು ಸುಮಾರು 20 ಕೋಟಿ ಕೆನಡಾ ಡಾಲರಿಗೆ ತಂಡವನ್ನು ಕೊಂಡರು. ಊರನ್ನು ಉಳಿಸಲು ಹಣ ತೊಡಗಿಸಿದ ವರ್ತಕರು ಲಾಭವನ್ನೂ ಕಂಡರು.

ಕೊಂಡವರ ಗತಿ

ಕೊಂಡವರ ಕಥೆಯನ್ನೂ ಹೇಳದಿದ್ದರೆ ಲೆಕ್ಕ ಅಪೂರ್ಣವಾಗುತ್ತದೆ. ಗ್ರೆಟ್ಸ್ಕಿ ಬಂದ ಮೇಲೆ ಲಾಸ್ ಏಂಜಲಿಸ್‌ನ ಕುರ್ಚಿಗಳು ತುಂಬಿದವು. ತಂಡ 1993ರಲ್ಲಿ ಅಂತಿಮ ಸುತ್ತನ್ನೂ ತಲುಪಿತು. ಹಿಮವನ್ನೇ ಕಾಣದ ಊರುಗಳಲ್ಲಿಯೂ ಹಾಕಿ ನಡೆಯುತ್ತದೆಂಬ ಧೈರ್ಯ ಲೀಗಿಗೆ ಬಂದು, ಕ್ಯಾಲಿಫೋರ್ನಿಯಾದಲ್ಲಿಯೇ 1991ರಲ್ಲಿ ಸ್ಯಾನ್ ಹೋಸೆ, 1993ರಲ್ಲಿ ಆನಹೈಮ್ ತಂಡಗಳು ಹುಟ್ಟಿದವು. ಆದರೆ ಮೆಕ್‌ನಾಲ್ ಅವರ ಸಿರಿವಂತಿಕೆ ಸುಳ್ಳು ದಾಖಲೆಗಳ ಮೇಲೆ ಪಡೆದ ಬ್ಯಾಂಕ್ ಸಾಲದ ಮೇಲೆ ನಿಂತಿತ್ತು. 1994ರಲ್ಲಿ ಅವರು ನ್ಯಾಯಾಲಯದಲ್ಲಿ 23 ಕೋಟಿ ಡಾಲರಿಗೂ ಮಿಕ್ಕಿದ ವಂಚನೆಯ ತಪ್ಪನ್ನು ಒಪ್ಪಿಕೊಂಡರು. 1997ರಲ್ಲಿ 70 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಕಿಂಗ್ಸ್ ತಂಡವೂ 1995ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ದೊಡ್ಡ ಹೆಸರನ್ನು ಕೊಂಡ ಮಾತ್ರಕ್ಕೆ ಸಡಿಲವಾದ ತಳಪಾಯ ಗಟ್ಟಿಯಾಗುವುದಿಲ್ಲ.

ಮಾಲೀಕರ ನಿಲುವು ಮತ್ತು ನಮ್ಮ ಪಾಠ

ಪಾಕ್ಲಿಂಗ್ಟನ್ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ. 2009ರಲ್ಲಿ ಅವರ ಜೀವನವನ್ನು ಕುರಿತು ಬಂದ ಪುಸ್ತಕದ ಹೆಸರೇ 'ಐ'ಡ್ ಟ್ರೇಡ್ ಹಿಮ್ ಎಗೇನ್', ಅಂದರೆ ಇನ್ನೊಮ್ಮೆ ಅವಕಾಶ ಬಂದರೂ ಅವನನ್ನು ಮಾರುತ್ತೇನೆ ಎಂದು. ಕೈತಪ್ಪಿ ಹೋಗಲಿದ್ದ ಆಸ್ತಿಯನ್ನು ಸಕಾಲದಲ್ಲಿ ಹಣವಾಗಿಸಿದ್ದು ಸರಿಯೆಂಬ ಅವರ ವಾದವನ್ನು ಬರಿಯ ಲೆಕ್ಕದ ದೃಷ್ಟಿಯಿಂದ ತಳ್ಳಿಹಾಕಲಾಗದು. ಎರಡೇ ವರ್ಷದಲ್ಲಿ ಬಂದ ಕಪ್ ಅವರ ಪರವಾಗಿ ಸಾಕ್ಷಿ ನುಡಿಯುತ್ತದೆ. ಆದರೆ ಅದರ ಬಳಿಕ 2025ರವರೆಗೆ ಆ ಊರಿಗೆ ಮತ್ತೊಂದು ಕಪ್ ಬಂದಿಲ್ಲ. 2024 ಮತ್ತು 2025ರಲ್ಲಿಯೂ ಅಂತಿಮ ಸುತ್ತಿನಲ್ಲಿ ಸೋಲಾಯಿತು. ಗ್ರೆಟ್ಸ್ಕಿ ಅವರ ಪ್ರತಿಮೆ ಮಾತ್ರ 2016ರಲ್ಲಿ ಹೊಸ ಕ್ರೀಡಾಂಗಣದ ಮುಂದಕ್ಕೆ ಸ್ಥಳಾಂತರಗೊಂಡು ಇಂದಿಗೂ ನಿಂತಿದೆ.

ಸಣ್ಣ ಉದ್ದಿಮೆದಾರರೂ ವರ್ತಕರೂ ಈ ಪ್ರಕರಣದಿಂದ ಗ್ರಹಿಸಬಹುದಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

1. ಸಂಸ್ಥೆಯ ಆಧಾರಸ್ತಂಭಗಳಾದವರ ಕರಾರು ಎಂದು ಮುಗಿಯುತ್ತದೆಂಬುದನ್ನು ಮಾಲೀಕರು ಸದಾ ನೆನಪಿನಲ್ಲಿಡಬೇಕು. ಮಾತುಕತೆಯನ್ನು ಕೊನೆಯ ವರ್ಷಕ್ಕೆ ಉಳಿಸಿಕೊಳ್ಳಬಾರದು.

2. ಒಬ್ಬರನ್ನು ಬಿಟ್ಟುಕೊಡುವ ಮೊದಲು ಅವರ ಸ್ಥಾನ ತುಂಬುವವರು ಮನೆಯಲ್ಲಿಯೇ ತಯಾರಾಗಿರಬೇಕು. ಎಡ್ಮಂಟನ್ನಿನಲ್ಲಿ ಮೆಸಿಯೆ ಇದ್ದುದರಿಂದಲೇ 1990 ಸಾಧ್ಯವಾಯಿತು. ಮೆಸಿಯೆ ಹೋದಾಗ ಆ ಸ್ಥಾನಕ್ಕೆ ಯಾರೂ ಇರಲಿಲ್ಲ.

3. ಬದಲಾವಣೆಯ ಸುದ್ದಿ ಮೊದಲು ಸಂಬಂಧಪಟ್ಟವರಿಗೆ, ಅನಂತರ ಗಿರಾಕಿಗಳಿಗೆ, ಮಾಲೀಕರ ಬಾಯಿಂದಲೇ ತಲುಪಬೇಕು. ನಿಜವಾದ ಕಾರಣವನ್ನು ಹೇಳದಿದ್ದರೆ ಪೇಟೆ ತಾನೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ಇನ್ನೂ ಕೆಟ್ಟದಾಗಿರುತ್ತದೆ.

4. ಒಂದು ಅಂಗಡಿಯ ಗಲ್ಲಾದಿಂದ ಇನ್ನೊಂದು ಅಂಗಡಿಯ ಸಾಲ ತೀರಿಸುವ ಅಭ್ಯಾಸ ನಮ್ಮ ಕುಟುಂಬ ವ್ಯವಹಾರಗಳಲ್ಲಿ ಬಹಳವಾಗಿದೆ. ಗೆಲ್ಲುವ ಸಂಸ್ಥೆಯನ್ನು ಸೋಲುವ ಸಂಸ್ಥೆಗೆ ಅಡವಿಟ್ಟರೆ ಕೊನೆಗೆ ಎರಡೂ ಕೈಬಿಡುವ ಅಪಾಯವಿದೆ.

5. ಆಸ್ತಿಯನ್ನು ಮಾರಿದ ಹಣದ ಕೆಲವು ಭಾಗವಾದರೂ ಅದೇ ಸಂಸ್ಥೆಗೆ ಮರಳಿ ಬಂದುದು ಗಿರಾಕಿಗಳ ಕಣ್ಣಿಗೆ ಕಾಣಬೇಕು. ಒಳ್ಳೆಯ ಕೆಲಸಗಾರ ಹೋದನೆಂಬ ಬೇಸರವನ್ನು ಜನ ಕಾಲಕ್ರಮದಲ್ಲಿ ಮರೆಯುತ್ತಾರೆ. ತಮ್ಮ ಅಭಿಮಾನವನ್ನು ಬೇರೆಡೆ ನಗದು ಮಾಡಿಕೊಳ್ಳಲಾಯಿತೆಂಬ ಭಾವನೆಯನ್ನು ಮರೆಯುವುದಿಲ್ಲ.

ತಂಡ ಯಾರದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಒಂದೇ: ಹಣ ಕೊಟ್ಟವರದು. ಆದರೆ ವರ್ಷಗಟ್ಟಲೆ ಟಿಕೆಟ್ ಕೊಂಡು ಕೊರೆಯುವ ಚಳಿಯಲ್ಲಿ ಬಂದು ಕುಳಿತವರೂ ಅದರಲ್ಲಿ ತಮ್ಮದೊಂದು ಪಾಲಿದೆಯೆಂದು ನಂಬಿರುತ್ತಾರೆ. 1998ರಲ್ಲಿ ಎಡ್ಮಂಟನ್ನಿನ ವರ್ತಕರು ಕೈಯಿಂದ ಹಣ ಹಾಕಿ ಉಳಿಸಿಕೊಂಡುದು ಆ ನಂಬಿಕೆಯನ್ನು. ಗಿರಾಕಿಗಳ ಈ ಪಾಲಿಗೆ ಷೇರು ಪತ್ರವಿಲ್ಲ, ಲಾಭಾಂಶವಿಲ್ಲ. ಆದರೂ ಸಂಸ್ಥೆಗೆ ಕಷ್ಟ ಬಂದ ದಿನ ಅದನ್ನು ಹೊತ್ತು ನಿಲ್ಲಿಸುವವರು ಅವರೇ ಎಂಬುದನ್ನು ಮಾಲೀಕರಾದವರು ತಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಒಳಿತು.